ಮೂರು ಕೆಲಸದ ನೀರು

ನಮ್ಮ ಮನೆಯಲ್ಲಿ ನೀರು ಕನಿಷ್ಠ ಮೂರು ಕೆಲಸ ಮಾಡದೆ ಮಣ್ಣಿಗೆ ಬೀಳುವಂತಿರಲಿಲ್ಲ. ಅದು ಅವ್ವನ ಕಾನೂನು. ಅವ್ವ ಎಂದರೆ ನಮ್ಮ ಕಡೆ ಅಜ್ಜಿ, ನನ್ನ ಅಪ್ಪನನ್ನು ಹೆತ್ತವಳು. ಅಕ್ಕಿ ತೊಳೆದ ಮೊದಲ ನೀರು ಕೊಟ್ಟಿಗೆಯ ಬಾಗಿಲಲ್ಲಿದ್ದ ಕಲಗಚ್ಚಿನ ಬಾನಿಗೆ ಹೋಗಬೇಕು, ಹಸು ಕುಡಿಯಲಿಕ್ಕೆ. ಎರಡನೆಯ ನೀರು ಮುದ್ದೆ ಮಾಡಿದ ಪಾತ್ರೆಯನ್ನು ನೆನೆಸಬೇಕು, ನೆನೆಸಿದ ಮೇಲೆ ಅದೂ ಬಾನಿಗೇ ಬೀಳಬೇಕು. ನಾವು ಮಕ್ಕಳು ಸ್ನಾನಕ್ಕೆ ನಿಲ್ಲುತ್ತಿದ್ದುದು ಹಿತ್ತಿಲಿನ ಚಪ್ಪಡಿಕಲ್ಲಿನ ಮೇಲೆ. ಮೈಯಿಂದ ಇಳಿದ ನೀರು ಸಣ್ಣ ಕಾಲುವೆ ಹಿಡಿದು ಸೀಮೆಹುಲ್ಲಿನ ಮಡಿಗೆ ಹೋಗುತ್ತಿತ್ತು. ಸೋಪು ಹೆಚ್ಚಾದರೆ ಹುಲ್ಲು ಹಳದಿಯಾಗುತ್ತದೆಂದು ಅವ್ವ ಸೋಪನ್ನು ತನ್ನ ಕೈಯಲ್ಲೇ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು. ನೆಂಟರು ಕಾಲು ತೊಳೆಯುವುದಾದರೆ ಕರಿಬೇವಿನ ಗಿಡದ ಬುಡದಲ್ಲೇ ತೊಳೆಯಬೇಕು. ಒಮ್ಮೆ ಅಮ್ಮನ ಅಣ್ಣ, ನಮ್ಮ ದೊಡ್ಡ ಮಾವ, ಅರ್ಧ ಕುಡಿದ ಲೋಟದ ನೀರನ್ನು ಅಂಗಳಕ್ಕೆ ಎರಚಿಬಿಟ್ಟರು. ಅವ್ವ ಆ ಒದ್ದೆ ಆರುವವರೆಗೆ ಅದನ್ನೇ ನೋಡುತ್ತ ಕುಳಿತಳು. ಮಾವನಿಗೆ ಊಟದ ಮಧ್ಯದಲ್ಲೇ ಬಸ್ಸು ನೆನಪಾಯಿತು. ದುಡ್ಡನ್ನು ನೀರಿನಂತೆ ಖರ್ಚು ಮಾಡಿದ ಎಂಬ ಮಾತನ್ನು ಶಾಲೆಯಲ್ಲಿ ಮೊದಲ ಸಲ ಓದಿದಾಗ, ಯಾರೋ ಮಹಾ ಜಿಪುಣನ ಕಥೆ ಇರಬೇಕು ಅಂದುಕೊಂಡಿದ್ದೆ. ಮೇಷ್ಟ್ರು ಅರ್ಥ ಹೇಳಿದಾಗ ನನಗೆ ಆಶ್ಚರ್ಯವೋ ಆಶ್ಚರ್ಯ.

ನಮ್ಮೂರು ಟೇಕಲ್ಲಿಗೆ ಹತ್ತಿರ. ಮನೆ ದೊಡ್ಡದಲ್ಲ: ಒಂದು ಪಡಸಾಲೆ, ಒಂದು ಅಡುಗೆಮನೆ, ರಾಗಿ ಮೂಟೆಗಳಿದ್ದ ಒಂದು ಕತ್ತಲೆ ಕೋಣೆ. ಪಡಸಾಲೆಗೂ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ, ಅದಕ್ಕೊಂದು ಕಿಂಡಿ. ಊಟಕ್ಕೆ ಕುಳಿತರೆ ಆ ಕಡೆಯಿಂದ ಮೆಲುಕು ಹಾಕುವ ಸದ್ದು ಕೇಳುತ್ತಿತ್ತು. ಮೊದಲು ನಮ್ಮಲ್ಲಿದ್ದುದು ನಾಟಿ ಹಸುಗಳು. ಅವು ಬಾನಿಯಲ್ಲಿ ಮುಖವಿಟ್ಟು ಎರಡು ಗುಟುಕು ಹೀರಿ ಸಾಕೆಂದು ತಲೆಯೆತ್ತುವ ಮರ್ಯಾದಸ್ಥರು. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಅಪ್ಪ ಮಾಲೂರಿನ ಕಡೆಯಿಂದ ಒಂದು ಸೀಮೆಹಸು ಹಿಡಿದುಕೊಂಡು ಬಂದರು. ಕಪ್ಪುಬಿಳುಪಿನ ದೊಡ್ಡ ಮೈ, ಬಾಗಿಲಲ್ಲಿ ಹಿಡಿಸದ ಹೊಟ್ಟೆ. ಅವ್ವ ಆರತಿಯೆತ್ತಿ, ಕುಂಕುಮವಿಟ್ಟು, ದಾರಿ ನಡೆದು ಬಂದಿದ್ದಾಳೆಂದು ಒಂದು ಬಕೆಟ್ಟು ನೀರಿಟ್ಟಳು. ಅದು ಖಾಲಿ. ಎರಡನೆಯದು ಖಾಲಿ. ಮೂರನೆಯದೂ ಖಾಲಿಯಾಗಿ, ಹಸು ನಾಲಿಗೆಯಿಂದ ಬಕೆಟ್ಟಿನ ತಳ ನೆಕ್ಕಿ ಅವ್ವನ ಮುಖ ನೋಡಿತು. ಅವ್ವನ ತವರು ಮುಳಬಾಗಿಲಿನಾಚೆ ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಎದೆ ಧಸಕ್ಕೆಂದಾಗ ಅವಳ ಬಾಯಲ್ಲಿ ತೆಲುಗೇ ಬರುತ್ತಿದ್ದುದು.

"ಇದಿ ಆವಾ, ಚೆರುವಾ?"

ಇದು ಹಸುವೋ, ಕೆರೆಯೋ ಎಂದು. ನಾವೆಲ್ಲ ನಕ್ಕೆವು. ಅವ್ವ ನಗಲಿಲ್ಲ. ಆ ಸಂಜೆ ಅದು ಕರೆದ ಹಾಲು ನೋಡಿದ ಮೇಲೆಯೇ ಅವಳಿಗೆ ಸಮಾಧಾನವಾದದ್ದು. ನೀರು ಎಲ್ಲಿಗೂ ಹೋಗಲಿಲ್ಲ, ಹಾಲಾಗಿ ತಿರುಗಿ ಬಂತು ಎಂದು ಲೆಕ್ಕ ಹಾಕಿಕೊಂಡಳು. ಆ ಹಸುವಿಗೆ ಬೆಳ್ಳಿ ಎಂದು ಹೆಸರಿಟ್ಟಳು, ಕುಡಿಯುವಷ್ಟು ಕುಡಿಯಲಿ ಎಂದು ಬಿಟ್ಟಳು.

ಅವ್ವನ ಕಾನೂನಿನಲ್ಲಿ ಇನ್ನೊಂದು ಕಲಂ ಇತ್ತು. ಬೆಳಗ್ಗೆ ಹಾಲು ಕರೆಯುವ ಮೊದಲು ಕೊಟ್ಟಿಗೆಯ ನೆಲವನ್ನು ತೊಳೆದು, ಹಸುವಿನ ಕಾಲು ತೊಳೆದು, ಕಂಬಕ್ಕೆ ಅರಿಶಿನ ಕುಂಕುಮವಿಡಬೇಕು. ಲಕ್ಷ್ಮಿ ಇರುವ ಜಾಗ, ಸಗಣಿಯಲ್ಲಿ ನಿಂತು ಅವಳನ್ನು ಕರೆಯಬಾರದು ಎನ್ನುತ್ತಿದ್ದಳು. ಎಂಟು ಕೊಡ ನೀರು. ಸಗಣಿ ಬಳಿದು ತೆಗೆದ ಮೇಲೆ ತೊಳೆಯುವುದಲ್ಲ, ಸಗಣಿಯನ್ನೇ ನೀರಿನಿಂದ ತಳ್ಳಿಕೊಂಡು ಹೋಗುವುದು. ಕೊಡ ಎತ್ತಿ ಸುರಿಯುವುದು ಅಮ್ಮನ ಕೆಲಸ, ಪೊರಕೆ ನನ್ನದು. ಆ ನೀರು ನೆಲ ತೊಳೆಯಿತು, ಸಗಣಿ ಹೊತ್ತಿತು, ಹುಲ್ಲಿನ ಮಡಿಗೆ ಗೊಬ್ಬರವಾಗಿ ಇಳಿಯಿತು. ಮೂರು ಕೆಲಸ. ಹಾಗಾಗಿ ಅದು ಅವ್ವನ ಕಣ್ಣಿಗೆ ಖರ್ಚೇ ಅಲ್ಲ. ಈ ಲೆಕ್ಕದಲ್ಲಿ ಎಲ್ಲವೂ ಸರಿಯಿತ್ತು, ಒಂದು ಕಡೆ ಬಿಟ್ಟು. ಹಾಲು ಕೊಡದ ಕರು ಕುಡಿದ ನೀರು ಒಂದೇ ಕೆಲಸ ಮಾಡುತ್ತದೆ. ಕರುವಿನ ಬಾಯಾರಿಕೆ ತೀರಿಸುತ್ತದೆ, ಅಷ್ಟೇ. ಈ ಒಂದು ಸಾಲನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಆಗ ನಮಗೆ ಯಾರಿಗೂ ಅದು ಹೊಳೆಯಲೇ ಇಲ್ಲ.

ನಾನು ಐದನೆಯ ಕ್ಲಾಸು ಮುಗಿಸಿದ ಬೇಸಗೆಯಲ್ಲಿ ತೋಟದ ಬೋರು ಗಾಳಿ ಉಗುಳಲು ಶುರುಮಾಡಿತು. ಆಮೇಲೆ ನಮಗುಳಿದದ್ದು ಬೀದಿಯ ನಲ್ಲಿ. ಅದು ಮೂರು ದಿನಕ್ಕೊಮ್ಮೆ, ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಅವ್ವ ಮನೆಯ ನೀರನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಳು. ಯಾರಿಗೆಷ್ಟು ಎಂದು ಅವಳೇ ಅಳೆದು ಕೊಡುವಳು. ಬೆಳ್ಳಿಗೆ ಮೊದಲು, ಆಮೇಲೆ ಅಡುಗೆಗೆ, ಆಮೇಲೆ ನಮಗೆ. ನೆಲಕ್ಕೆ ಎಂಟು ಕೊಡ, ಅದರಲ್ಲಿ ಮಾತಿಲ್ಲ. ಕೊನೆಯಲ್ಲಿ ಚುಕ್ಕಿಗೆ. ಚುಕ್ಕಿ ಬೆಳ್ಳಿಯ ಹೆಣ್ಣು ಕರು, ಹಣೆಯಲ್ಲಿ ಬೆರಳಗಲದ ಬಿಳಿ ಬೊಟ್ಟು. ಹಾಲು ಬಿಡಿಸಿ ಸ್ವಲ್ಪ ದಿನವಾಗಿತ್ತು, ಒಣ ರಾಗಿಹುಲ್ಲು ತಿನ್ನುತ್ತಿತ್ತು. ಮುಂದೆ ಈ ಕೊಟ್ಟಿಗೆ ಅದರಿಂದಲೇ ತುಂಬಬೇಕು ಎಂದು ಅಪ್ಪ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಅದಕ್ಕೆ ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು.

ಕಿಂಡಿಯ ಹತ್ತಿರ ಊಟಕ್ಕೆ ಕುಳಿತರೆ ಚುಕ್ಕಿಯ ಒಣ ನಾಲಿಗೆ ಗೋಡೆ ನೆಕ್ಕುವುದು ಕೇಳಿಸುತ್ತಿತ್ತು. ಸ್ನಾನ ಮಾಡಿ ಹೋದರೆ ನನ್ನ ಕೈ, ಜಡೆಯ ತುದಿ, ಲಂಗದ ಅಂಚು ಎಲ್ಲವನ್ನೂ ಚೀಪುತ್ತಿತ್ತು. ಮೊದಮೊದಲು ಅದು ಪ್ರೀತಿ ಎಂದುಕೊಂಡು ನಾನು ಬೀಗುತ್ತಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಅಪ್ಪ, ಕರುವಿಗೆ ಇನ್ನೊಂದೆರಡು ಚೊಂಬು ಹೆಚ್ಚಿಗೆ ಕೊಟ್ಟರೆ ಏನಾಗುತ್ತದೆ ಎಂದು ಮೆಲ್ಲಗೆ ಕೇಳಿದರು. ಅವ್ವ ತನ್ನ ತಟ್ಟೆಯಲ್ಲಿದ್ದ ಮುದ್ದೆಯಿಂದ ಕೈ ತೆಗೆದಳು.

"ಕರುಗೆ ನೀರು ಹೆಚ್ಚಾದ್ರೆ ಹೊಟ್ಟೆ ಗುಡಾಣ ಆಗುತ್ತೆ ಕಣೋ. ಕೈ ತೊಳೀದೇ ಏಳು ಇವತ್ತು, ಆ ನೀರನ್ನ ಕೊಡ್ತೀನಿ ಅದಕ್ಕೆ."

ಅಪ್ಪ ಕೈ ತೊಳೆದುಕೊಂಡೇ ಎದ್ದರು. ಅಮ್ಮ ಸೆರಗು ಸರಿಮಾಡಿಕೊಂಡು ನನ್ನ ತಟ್ಟೆಗೆ ಸಾರು ಬಡಿಸಿದಳು. ಆ ವಿಷಯ ಅಲ್ಲಿಗೆ ಮುಗಿಯಿತು. ನಮ್ಮ ಮನೆಯ ದೊಡ್ಡ ಜಗಳಗಳೆಲ್ಲ ಹೀಗೆಯೇ, ಶುರುವಾದಲ್ಲೇ ಮುಗಿಯುತ್ತಿದ್ದವು.

ಅದಾಗಿ ವಾರ ಕಳೆದಿರಬಹುದು. ಅವ್ವ ಹೊತ್ತಿಗೆ ಮುಂಚೆಯೇ ಬೂಸಾ ತರಲು ಟೇಕಲ್ಲಿಗೆ ಹೋಗಿದ್ದಳು. ಅಪ್ಪ ಅಮ್ಮ ಹೊಲದಲ್ಲಿದ್ದರು. ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆ ಇಲ್ಲದ ಹೊತ್ತಿನಲ್ಲಿ ನಲ್ಲಿ ಕೆಮ್ಮಿತು, ಉಗುಳಿತು, ನೀರು ಬಂತು. ಸಾಲಿಲ್ಲ, ಜಗಳವಿಲ್ಲ, ನಾನೊಬ್ಬಳೇ. ಕೊಡ, ಹಂಡೆ, ಡ್ರಮ್ಮು, ಹಾಲಿನ ಕ್ಯಾನು, ಇಡ್ಲಿ ಪಾತ್ರೆಯನ್ನೂ ಬಿಡದೆ ತುಂಬಿಸಿದೆ. ಆ ಬೇಸಗೆಯಲ್ಲಿ ನಮ್ಮ ಡ್ರಮ್ಮು ಕಂಠದವರೆಗೆ ತುಂಬಿದ್ದನ್ನು ಅದೇ ಮೊದಲು ನೋಡಿದ್ದು. ನಾನು ಓಡಾಡುವಾಗಲೆಲ್ಲ ಚುಕ್ಕಿ ಹಗ್ಗ ಜಗ್ಗಿ ಕೂಗುತ್ತಿತ್ತು. ಕುತ್ತಿಗೆಯಲ್ಲಿ ಹಗ್ಗದ ಗುರುತು ಬಿದ್ದಿತ್ತು. ನನಗೆ ತಡೆಯಲಾಗಲಿಲ್ಲ. ಚಿಕ್ಕ ಬಕೆಟ್ಟಿನಲ್ಲಿ ತುಂಬಿ ಅದರ ಮುಂದಿಟ್ಟೆ. ಕುಡಿಯಿತು. ಇನ್ನೊಂದು ಇಟ್ಟೆ. ಅದನ್ನೂ ಕುಡಿಯಿತು. ಮೂರನೆಯದರಲ್ಲಿ ಅರ್ಧ ಉಳಿಸಿ ಮುಖವೆತ್ತಿತು. ಉಳಿದದ್ದನ್ನು ಹುಲ್ಲಿನ ಮಡಿಗೆ ಹೊಯ್ದು, ಬಕೆಟ್ಟು ಒರೆಸಿ, ಅದರ ಜಾಗದಲ್ಲೇ ಬೋರಲು ಹಾಕಿದೆ. ಕದ್ದರೂ ಪುಣ್ಯದ ಕೆಲಸ ಎಂದು ನನಗೆ ನಾನೇ ಮೆಚ್ಚಿಕೊಂಡೆ. ಬಾಳಿನಲ್ಲಿ ಅಷ್ಟು ತೃಪ್ತಿಯಿಂದ ನಾನು ಮತ್ತೆ ಕುಳಿತದ್ದು ನೆನಪಿಲ್ಲ.

ಗಂಟೆ ಹೊತ್ತಿನ ಮೇಲೆ ಅವ್ವ ಬಂದಳು. ಬೂಸಾ ಚೀಲ ಇಳಿಸಿ, ತುಂಬಿದ ಡ್ರಮ್ಮು ನೋಡಿ, ನನ್ನ ತಲೆ ನೇವರಿಸಿದಳು. ಇಬ್ಬರೂ ಕೊಟ್ಟಿಗೆಗೆ ಹೋದೆವು. ಚುಕ್ಕಿ ನಾಲ್ಕೂ ಕಾಲು ಅಗಲಿಸಿ ನಿಂತು ನಡುಗುತ್ತಿತ್ತು. ಹೊಟ್ಟೆ ಎರಡೂ ಕಡೆ ಬಿಗಿದುಕೊಂಡಿತ್ತು. ನಾವು ನೋಡುತ್ತಿದ್ದಂತೆಯೇ ಗಂಜಲ ಹೊಯ್ದಿತು. ಕೆಂಪು. ಬೀಟ್‌ರೂಟು ಬೇಯಿಸಿದ ನೀರಿನ ಹಾಗೆ ಕಡುಗೆಂಪು. ಬೆಳಗ್ಗೆ ತಾನೇ ತೊಳೆದಿದ್ದ ಕಲ್ಲುಚಪ್ಪಡಿಯ ಮೇಲೆ ಅದು ಹರಿದು ನನ್ನ ಕಾಲಿನವರೆಗೆ ಬಂತು. ನಾನು ನೀರು ಕೊಟ್ಟೆ, ಅದು ರಕ್ತವಾಗಿ ಹೇಗೆ ಬಂತು? ಇದೊಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಅವ್ವ ಒಂದು ಸಲ ಕರುವನ್ನು ನೋಡಿದಳು, ಒಂದು ಸಲ ಒದ್ದೆಯಾಗಿದ್ದ ನನ್ನ ಲಂಗವನ್ನು ನೋಡಿದಳು. ಆಮೇಲೆ ಅಪ್ಪನನ್ನು ಕರೆಯಲು ಹೊಲದ ಕಡೆ ಓಡಿದಳು. ಅವ್ವ ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಪ್ಪ ಸೈಕಲ್ಲು ತುಳಿದುಕೊಂಡು ಹೋಗಿ ದನದ ಡಾಕ್ಟರನ್ನು ಅವರ ಸ್ಕೂಟರಿನಲ್ಲೇ ಕರೆತರುವಷ್ಟರಲ್ಲಿ ಅರ್ಧ ಬೀದಿ ನಮ್ಮ ಕೊಟ್ಟಿಗೆಯಲ್ಲಿತ್ತು. ಪಕ್ಕದ ಮನೆಯ ಮುನೆಕ್ಕ, ಹಾವು ಮುಟ್ಟಿದೆ ಎಂದಳು. ಇನ್ನೊಬ್ಬರು ದೃಷ್ಟಿ ಎಂದರು. ಯಾರೋ ಮೆಣಸಿನಕಾಯಿ ನಿವಾಳಿಸಿದರು, ಯಾರೋ ಬೇವಿನ ಸೊಪ್ಪು ತಂದರು. ಚುಕ್ಕಿ ಅಷ್ಟರಲ್ಲಿ ಮಲಗಿಬಿಟ್ಟಿತ್ತು. ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ತಟ್ಟಿದರು, ನೆಲದ ಮೇಲಿನ ಕೆಂಪನ್ನು ಬಗ್ಗಿ ನೋಡಿದರು. ಹಾವೂ ಅಲ್ಲ, ದೃಷ್ಟಿಯೂ ಅಲ್ಲ ಎಂದರು. ನೀರಿಲ್ಲದೆ ಬಾಯಾರಿದ ಕರು ಒಂದೇ ಸಲಕ್ಕೆ ಮಿತಿಮೀರಿ ಕುಡಿದರೆ ಆ ನೀರು ರಕ್ತಕ್ಕೆ ನುಗ್ಗಿ ರಕ್ತವನ್ನೇ ಒಡೆದುಹಾಕುತ್ತದೆ, ಅದು ಗಂಜಲದಲ್ಲಿ ಬರುತ್ತದೆ, ಆಮೇಲೆ ಮಿದುಳಿಗೇರುತ್ತದೆ ಎಂದು ಸರಳವಾಗಿ ಹೇಳಿದರು. ಜನ ಮುಖಮುಖ ನೋಡಿಕೊಂಡರು. ಹುಲ್ಲಿಲ್ಲದೆ ಸತ್ತದ್ದು ಗೊತ್ತು, ನೀರಿಲ್ಲದೆ ಸತ್ತದ್ದು ಗೊತ್ತು, ನೀರು ಕುಡಿದು ಸಾಯುವುದನ್ನು ನಮ್ಮ ಸೀಮೆಯಲ್ಲಿ ಯಾರು ಕೇಳಿದ್ದರು? ಡಾಕ್ಟರು ಉಪ್ಪುನೀರಿನ ಬಾಟಲಿಯನ್ನು ಕಂಬಕ್ಕೆ ನೇತುಹಾಕಿ ಸೂಜಿ ಚುಚ್ಚುತ್ತ ಕೇಳಿದರು.

"ಇದಕ್ಕೆ ಇವತ್ತು ನೀರು ಕುಡಿಸಿದ್ದು ಯಾರು?"

ನಾನು ಬಾಯಿ ತೆರೆದೆನೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಅವ್ವನ ದನಿ ಕೇಳಿತು.

"ನಾನೇ ಸಾಮಿ. ಟೇಕಲ್‌ಗೆ ಹೋಗೋ ಅರ್ಜೆಂಟಲ್ಲಿ ಬೆಳಗ್ಗೆ ನೀರಿಡೋದು ಮರ್ತಿದ್ದೆ. ಬಂದು ಒಂದೇ ಸಲ ಕುಡಿಸ್ಬಿಟ್ಟೆ."

ಒಂದು ತೊಟ್ಟು ಹೆಚ್ಚಿಗೆ ಕೊಟ್ಟು ಗೊತ್ತಿಲ್ಲದ ಅವ್ವ! ನಾನು ಅವಳನ್ನೇ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಅಪ್ಪ ಅಮ್ಮನಿಗೆ ದಿನಕ್ಕೆರಡು ಚೊಂಬಿನ ವಿಷಯ ಗೊತ್ತಿತ್ತು, ಒಂದು ಬೆಳಗಿನ ಮರೆವಿಗೆ ಕರು ಹೀಗಾಗುವುದಿಲ್ಲ ಎಂದೂ ಅನ್ನಿಸಿರಬೇಕು. ಇಬ್ಬರೂ ನೆಲ ನೋಡುತ್ತ ನಿಂತರು. ಡಾಕ್ಟರು ಜನರೆದುರಿಗೇ ಅವ್ವನನ್ನು ತರಾಟೆಗೆ ತೆಗೆದುಕೊಂಡರು. ಇಷ್ಟು ವಯಸ್ಸಾದವರಿಗೆ ಅಷ್ಟೂ ತಿಳಿಯಬೇಡವೇ, ಬಾಯಾರಿದ ಜೀವಕ್ಕೆ ಸ್ವಲ್ಪ ಕೊಟ್ಟು, ಬಿಟ್ಟು, ಮತ್ತೆ ಸ್ವಲ್ಪ ಕೊಡಬೇಕು ಎಂದರು. ಅವ್ವ ಕೈಕಟ್ಟಿಕೊಂಡು ಕೇಳಿದಳು. ಆಮೇಲೆ ಡಾಕ್ಟರ ಕಣ್ಣು ತೊಳೆದು ತೊಳೆದು ನುಣುಪಾಗಿದ್ದ ಚಪ್ಪಡಿಗಳ ಮೇಲೆ ಹೋಯಿತು. ದಿನಾ ನೆಲ ತೊಳೆಯಲು ಎಷ್ಟು ನೀರು ಹಾಕುತ್ತೀರಿ ಎಂದು ಕೇಳಿದರು. ಯಾರೂ ಹೇಳದಿದ್ದಾಗ ನಾನು, ಎಂಟು ಕೊಡ ಎಂದೆ. ಅವತ್ತು ನನ್ನ ಬಾಯಿಂದ ಬಂದ ಮೊದಲ ಮಾತು ಅದು.

"ನೆಲಕ್ಕೆ ಎಂಟು ಕೊಡ," ಡಾಕ್ಟರು ಅಂದರು. "ನೆಲಕ್ಕೇನಮ್ಮ ಬಾಯಾರಿಕೆ?"

ಸಂಜೆ ಹಾಲು ಕರೆಯುವ ಹೊತ್ತಿಗೆ ಚುಕ್ಕಿ ಕಾಲು ಸೆಟೆಸಿ ಪ್ರಾಣ ಬಿಟ್ಟಿತು. ಬಾಟಲಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಬೆಳ್ಳಿ ಪಕ್ಕದಲ್ಲೇ ನಿಂತು ಅದರ ಬೆನ್ನು ನೆಕ್ಕುತ್ತಲೇ ಇತ್ತು, ಅಪ್ಪ ಹಗ್ಗ ಹಿಡಿದು ಆಚೆಗೆ ಎಳೆಯುವವರೆಗೆ. ನಾನು ರಾಗಿ ಮೂಟೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಳು ಬರಲಿಲ್ಲ. ಅಮ್ಮ ಬಂದು, ಕರು ಹೋದರೆ ಹೋಯಿತು, ಇನ್ನೊಂದು ಹುಟ್ಟುತ್ತೆ ಬಾ ಎಂದು ಕರೆದಳು. ನಾನು ಯಾತಕ್ಕಾಗಿ ಬೆಪ್ಪಾಗಿ ಕುಳಿತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಅಪ್ಪ, ಇನ್ನು ಮೇಲೆ ನೀರಿನ ಉಸಾಬರಿ ನಿನ್ನ ಸೊಸೆ ನೋಡಿಕೊಳ್ಳಲಿ ಎಂದು ಅವ್ವನಿಗೆ ಹೇಳಿದರು. ಅವ್ವ ಆಗಲಿ ಎಂದಳು, ಅಷ್ಟೇ. ಅಮ್ಮ ಡಾಕ್ಟರು ಹೊರಡುವಾಗ ಹೇಳಿಕೊಟ್ಟಂತೆ ಮಾಡಿದಳು. ಸಗಣಿಯನ್ನು ಮೊದಲು ಸಲಿಕೆಯಲ್ಲಿ ಬಳಿಯುವುದು, ಒಣ ಪೊರಕೆಯಲ್ಲಿ ಗುಡಿಸುವುದು, ಆಮೇಲೆ ಒಂದೂವರೆ ಕೊಡದಲ್ಲಿ ನೆಲ ಒರೆಸುವುದು. ಕೊಟ್ಟಿಗೆಯ ಕಲ್ಲುತೊಟ್ಟಿಯಲ್ಲಿ ಯಾವಾಗಲೂ ನೀರಿರುವುದು, ಬೆಳ್ಳಿ ತನಗೆ ಬೇಕಾದಾಗ ಕುಡಿಯುವುದು. ಹದಿನೈದು ದಿನ ಕಳೆದ ಮೇಲೆ ನೋಡಿದರೆ ನಮ್ಮ ಮನೆಯ ನೀರಿನ ಖರ್ಚು ಮೊದಲಿಗಿಂತ ಕಡಿಮೆಯಾಗಿತ್ತು, ಬೆಳ್ಳಿಯ ಹಾಲು ಹೆಚ್ಚಾಗಿತ್ತು. ಇದರಿಂದ ನನಗೆ ಎರಡನೆಯ ಸಲ ಗರ ಬಡಿದಂತಾಯಿತು. ಅಷ್ಟು ಸುಲಭವಿತ್ತೇ? ಚುಕ್ಕಿಗೆ ಕೊಡಲು ನೀರು ನಮ್ಮಲ್ಲಿ ಇದ್ದೇ ಇತ್ತೇ, ದಿನಾ ಬೆಳಗ್ಗೆ ನಾನೇ ಪೊರಕೆ ಹಿಡಿದು ಅದನ್ನು ಆಚೆಗೆ ತಳ್ಳುತ್ತಿದ್ದೆನೇ?

ಅವ್ವ ಜಗುಲಿಗೆ ಬಂದು ಕುಳಿತಳು. ಬೀದಿಯಲ್ಲಿ ಅವಳಿಗೆ, ನೀರು ಕುಡಿಸಿ ಕರು ಕೊಂದವಳು ಎಂಬ ಹೆಸರು ಅಂಟಿತು. ನಲ್ಲಿಯ ಹತ್ತಿರ ಹೆಂಗಸರು ತಮಾಷೆಗೆ, ಅಜ್ಜಿ ನಮ್ಮ ಕೊಡಕ್ಕೆ ಜಾಸ್ತಿ ಹಾಕಿಬಿಟ್ಟೀಯ ಎನ್ನುತ್ತಿದ್ದರು. ಅವ್ವ ಅದನ್ನೂ ಕೇಳಿಸಿಕೊಂಡು ಕುಳಿತಿರುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಿಜ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ, ಹೇಳುತ್ತಿರಲಿಲ್ಲ. ಅದರ ಬದಲು ಅವಳ ಕಾಲಿಗೆ ಹರಳೆಣ್ಣೆ ತಿಕ್ಕುತ್ತಿದ್ದೆ, ತಲೆ ಬಾಚುತ್ತಿದ್ದೆ, ನನ್ನ ಪಾಲಿನ ಕೊಬ್ಬರಿ ಮಿಠಾಯಿ ಕೊಡುತ್ತಿದ್ದೆ. ನನ್ನನ್ನು ಉಳಿಸಲು ಅವಳು ತನ್ನ ಮರ್ಯಾದೆ ಕೊಟ್ಟಳು ಎಂದು ನಂಬಿದ್ದೆ. ಆ ನಂಬಿಕೆಯ ಮೇಲೆಯೇ ನಾನು ಬೆಳೆದೆ. ಈಗಲೂ ಯಾರಿಗಾದರೂ ಏನನ್ನಾದರೂ ಕೊಡುವಾಗ ಸ್ವಲ್ಪ ಕೊಟ್ಟು, ಅವರ ಮುಖ ನೋಡಿ, ಕಾದು, ಆಮೇಲೆ ಇನ್ನಷ್ಟು ಕೊಡುತ್ತೇನೆ. ಕೈ ಬಿಗಿ ಎಂದು ನನ್ನ ಗಂಡನ ಮನೆಯವರು ಹೇಳುತ್ತಾರೆ. ಹೇಳಲಿ.

ಅವ್ವನಿಗೆ ನಾನು ನಿಜ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಟೀಚರ್ ಟ್ರೈನಿಂಗಿಗೆಂದು ಕೋಲಾರದ ಹಾಸ್ಟೆಲ್ಲಿಗೆ ಹೊರಡುವ ಹಿಂದಿನ ದಿನ. ಅವರೆಕಾಯಿಯ ಕಾಲ. ಮಧ್ಯಾಹ್ನದ ಬಿಸಿಲಿನಲ್ಲಿ ಅವಳು ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು, ಕಾಳು ಮೊರಕ್ಕೆ, ಸಿಪ್ಪೆ ಪಕ್ಕದ ರಾಶಿಗೆ. ಆ ಗುಟ್ಟನ್ನು ಹೊತ್ತುಕೊಂಡು ಹೋಗಲು ಆಗದು ಎನ್ನಿಸಿ ನಾನು ಅವಳ ಕಾಲ ಬಳಿ ಕುಳಿತೆ.

"ಅವ್ವ, ಚುಕ್ಕಿಗೆ ನೀರು ಕೊಟ್ಟಿದ್ದು ನಾನು."

"ಗೊತ್ತು ಕಣೇ."

ಅವಳ ಕೈ ನಿಲ್ಲಲಿಲ್ಲ. ನಾನು ಅವಳ ಪಾದ ಹಿಡಿದುಕೊಂಡೆ. ನನಗೋಸ್ಕರ ಇಷ್ಟು ವರ್ಷ ಊರಿನವರ ಮಾತು ಕೇಳಿದೆಯಲ್ಲ ಎಂದು ಏನೋ ತೊದಲಿದೆ. ಅವ್ವ ಪಾದ ಹಿಂದಕ್ಕೆ ಎಳೆದುಕೊಂಡಳು.

"ನಿಂಗೋಸ್ಕರ ಅಂತ ಯಾರ್ ಹೇಳಿದ್ರು? ನೀನು ಕದ್ದು ಕೊಟ್ಟೆ ಅಂತ ಗೊತ್ತಾಗಿದ್ರೆ, ಮಗು ಯಾಕೆ ಕದೀಬೇಕಾಯ್ತು ಅಂತ ಕೇಳೋರು. ಅದಕ್ಕೆ ನನ್ ಹತ್ರ ಜವಾಬಿರಲಿಲ್ಲ. ಕೊಟ್ಟು ಕೊಂದೋಳು ಅನ್ನಿಸ್ಕೊಂಡು ಬದುಕ್ಬೋದು. ಕೊಡದೆ ಕೊಂದೋಳು ಅನ್ನಿಸ್ಕೊಂಡು ಊರಲ್ಲಿರಕಾಗಲ್ಲ ಕಣೇ."

ನನ್ನ ಕೈ ಅವಳ ಪಾದ ಇದ್ದ ಜಾಗದಲ್ಲೇ ಉಳಿಯಿತು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ದಿಗಿಲಾಗುತ್ತಿರಲಿಲ್ಲ. ಇಷ್ಟು ವರ್ಷ ಯಾವ ಋಣವನ್ನು ನಾನು ತೀರಿಸುತ್ತಿದ್ದೆ? ಸಿಟ್ಟು ಬಂತು, ನಾಚಿಕೆ ಬಂತು, ಎದ್ದು ಹೋಗಬೇಕೆನ್ನಿಸಿತು. ಏಳಲಿಲ್ಲ. ಅವ್ವ ಇನ್ನೂ ಒಂದಷ್ಟು ಕಾಯಿ ಸುಲಿದಳು. ಆಮೇಲೆ ನನ್ನ ಕಡೆ ನೋಡದೆ, ಕೇಳಬೇಕೋ ಬೇಡವೋ ಎನ್ನುವ ದನಿಯಲ್ಲಿ ಕೇಳಿದಳು.

"ಹೆಂಗ್ ಕುಡೀತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬಾಲ ಆಡಿಸ್ಕೊಂಡು ಕುಡೀತವ್ವ. ಮೊಲೆ ಕುಡಿಯೋವಾಗ ಆಡಿಸ್ತಿತ್ತಲ್ಲ, ಹಂಗೇ."

ಅವ್ವ ಒಂದು ಕಾಯಿ ಬಿಡಿಸಿದಳು. ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿ, ಬರಿ ಸಿಪ್ಪೆಯನ್ನು ಮೊರದಲ್ಲಿಟ್ಟಳು. ಅದರ ಮುಂದಿನದನ್ನೂ ಹಾಗೆಯೇ ಮಾಡಿದಳು. ನಾನು ನೋಡುತ್ತ ಕುಳಿತಿದ್ದೆ.